ನಕ್ಷೆಯ ಮೂಲೆಯ ಚೌಕ

ಈಗಲೂ ಯಾರಾದರೂ ಹೊಸ ಕಟ್ಟಡದ ನಕ್ಷೆ ಬಿಚ್ಚಿದರೆ ನನ್ನ ಕಣ್ಣು ಮೊದಲು ಹುಡುಕುವುದು ಕಕ್ಕಸನ್ನು. ಮದುವೆ ಛತ್ರವಾಗಲಿ, ಆಸ್ಪತ್ರೆಯಾಗಲಿ, ತಂಗಿಯ ಮಗ ಕಟ್ಟಿಸುವ ಮನೆಯಾಗಲಿ, "ಅದೆಲ್ಲಿದೆ?" ಎಂದು ಕೇಳಿಬಿಡುತ್ತೇನೆ. ಮನೆಯವರು ಮುಖ ಮುಖ ನೋಡಿಕೊಳ್ಳುತ್ತಾರೆ. ಈ ಮುದುಕಿಗೆ ಬೇರೆ ಮಾತೇ ಇಲ್ಲವೇ ಎಂದು ಅವರಿಗೆ ನಾಚಿಕೆ. ನಾಚಿಕೆಯಂತೆ! ಕೊಳ್ಳೇಗಾಲದ ಹೊಸ ಬಡಾವಣೆಯ ಸ್ಕೂಲಿನಲ್ಲಿ ವರ್ಷಗಟ್ಟಲೆ ಬೆಳಗಿನಿಂದ ಸಂಜೆಯವರೆಗೆ ಹಲ್ಲು ಕಚ್ಚಿ ತಡೆದುಕೊಂಡು ಪಾಠ ಮಾಡಿದವಳು ನಾನು. ನಾಚಿಕೊಳ್ಳಬೇಕಾದವರು ಬೇರೆ ಇದ್ದರು, ಅವರು ಯಾವತ್ತೂ ನಾಚಿಕೊಳ್ಳಲಿಲ್ಲ.

ನಾನು ಯಳಂದೂರಿನವಳು. ಐವತ್ತಾರರಲ್ಲಿ ಕೊಳ್ಳೇಗಾಲ ಮದರಾಸಿನ ಕಡೆಯಿಂದ ಮೈಸೂರಿಗೆ ಸೇರಿತಲ್ಲ, ಅದಾದ ಸ್ವಲ್ಪ ಕಾಲಕ್ಕೆ ನನಗೆ ಅಲ್ಲಿಗೆ ವರ್ಗವಾಯಿತು. ಆಗ ಸ್ಕೂಲು ನಡೆಯುತ್ತಿದ್ದದ್ದು ಪೇಟೆಯೊಳಗಿನ ಒಂದು ಹಳೆಯ ಛತ್ರದಲ್ಲಿ. ಊರು ಬೆಳೆಯತೊಡಗಿತ್ತು. ಆಫೀಸು ನೌಕರರು ಬಂದರು, ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುವವರು ಬಂದರು, ಬಸ್ಸಿನ ಡ್ರೈವರುಗಳು ಬಂದರು. ಮಧುವನಹಳ್ಳಿಗೆ ಹೋಗುವ ರಸ್ತೆಯ ಬದಿಗೆ ಹೊಲಗಳ ನಡುವೆ ಹೊಸ ಬಡಾವಣೆ ಎದ್ದಿತು. ಮಕ್ಕಳನ್ನು ಕೂರಿಸಲು ಛತ್ರದಲ್ಲಿ ಜಾಗ ಸಾಲದೆ ಜಗಲಿ ಮೇಲೂ ಕೂರಿಸುತ್ತಿದ್ದೆವು. ಬಡಾವಣೆಗೇ ಒಂದು ದೊಡ್ಡ ಸ್ಕೂಲು ಕಟ್ಟಬೇಕೆಂದು ತೀರ್ಮಾನವಾಗಿ ಕಮಿಟಿ ಆಯಿತು.

ಕಮಿಟಿಯ ದೊಡ್ಡ ತಲೆ ಎಂದರೆ ಜಾಗ ಕೊಟ್ಟ ಯಜಮಾನರು. ಸುತ್ತಲಿನ ಹೊಲಗಳೆಲ್ಲ ಅವರವೇ, ಬಡಾವಣೆಗೆ ಸೈಟು ಮಾರಿದವರೂ ಅವರೇ. ಅವರ ಜೊತೆ ಒಬ್ಬ ಕಂಟ್ರಾಕ್ಟರು, ಒಬ್ಬ ನಿವೃತ್ತ ಶೇಕದಾರರು, ನಮ್ಮ ಹೆಡ್‌ಮಾಸ್ತರು. ಹೆಣ್ಣುಮಕ್ಕಳ ವಿಷಯಕ್ಕೆ ಒಬ್ಬರಿರಲಿ ಎಂದು ನನ್ನನ್ನೂ ಕರೆದಿದ್ದರು. ಹೆಣ್ಣುಮಕ್ಕಳ ವಿಷಯವೆಂದರೆ ಕಾಫಿ ಹಂಚುವುದು ಎಂದು ಹೋದ ಮೇಲೆ ಗೊತ್ತಾಯಿತು.

ಜಾಗ ನೋಡಲು ಹೋದ ದಿನ ನನಗೆ ಕಣ್ಣಿಗೆ ಕಟ್ಟಿದ ಹಾಗಿದೆ. ಓವರ್‌ಸಿಯರ್ ಜೀಪಿನ ಬಾನೆಟ್ಟಿನ ಮೇಲೆ ನೀಲಿ ನಕ್ಷೆ ಹರಡಿ, ಗಾಳಿಗೆ ಹಾರದಂತೆ ಮೂಲೆಗಳಿಗೆ ಕಲ್ಲಿಟ್ಟರು. ಎಂಥ ನಕ್ಷೆ! ತರಗತಿ ಕೋಣೆಗಳು, ಹೆಡ್‌ಮಾಸ್ತರ ಕೋಣೆ, ಆಟದ ಬಯಲು, ಮುಂದೆ ಹೈಸ್ಕೂಲು ಬಂದರೆ ಕಟ್ಟಲು ಬಿಟ್ಟ ಜಾಗ. ಛತ್ರದ ಜಗಲಿಯಲ್ಲಿ ಮಳೆಗೆ ನೆನೆಯುತ್ತ ಪಾಠ ಮಾಡುತ್ತಿದ್ದ ನಾನು ಕೋಣೆಗಳನ್ನು ಎರಡೆರಡು ಸಲ ಎಣಿಸಿದೆ. ಯಜಮಾನರು ನಕ್ಷೆಯ ಮೇಲೆ ಬೆರಳಾಡಿಸುತ್ತ ಬಂದವರು ಹಿಂದಿನ ಮೂಲೆಯ ಒಂದು ಪುಟ್ಟ ಚೌಕದ ಮೇಲೆ ಬೆರಳು ನಿಲ್ಲಿಸಿದರು.

"ಇದೇನ್ರಿ ಇದು?"

"ಹೆಣ್ಣುಮಕ್ಕಳಿಗೆ ಲೆಟ್ರಿನ್, ಸಾರ್" ಎಂದರು ಓವರ್‌ಸಿಯರ್.

"ತಗೀರಿ ಅದ್ನ."

ಯಜಮಾನರೇ ಮುಂದುವರಿಸಿದರು. "ಎಲ್ ನಿಂತಿದೀರಿ ಅಂತ ಗೊತ್ತಾ? ಮಾದಪ್ಪನ ಪರ್ಸೆ ಕೂತೆದ್ದ ನೆಲ ಕಣ್ರಿ ಇದು. ಬೆಟ್ಟುಕ್ಕೋಗೋ ಪರ್ಸೆ ನಮ್ ತಾತನ ಕಾಲ್ದಿಂದ್ಲೂ ಇಲ್ಲೇ ಇಳಿಯದು. ಪರ್ಸೆ ಏಳಗಂಟ ನಮ್ಮಪ್ಪ ಈ ನೆಲ ಬುಟ್ಟು ಆಚ್ಗೆ ಕಾಲಿಕ್ತಿರ್ನಿಲ್ಲ, ನಾನೂ ಇಕ್ಕಲ್ಲ. ಅಂತಾ ನೆಲದ್ ಮ್ಯಾಲೆ ಕಕ್ಕಸು ಅಂತೀರಲ್ಲ, ನಾಲ್ಗೆನಾರೂ ಎಂಗ್ ಬತ್ತದೆ?"

ಪರ್ಸೆ ಎಂದರೆ ಮಲೆ ಮಹದೇಶ್ವರ ಬೆಟ್ಟಕ್ಕೆ ನಡೆದು ಹೋಗುವ ಭಕ್ತರ ತಂಡ. ಅಮಾವಾಸ್ಯೆಗೆ ಬೆಟ್ಟ ಸೇರುವಂತೆ ಹೊರಟವರು ದಾರಿಯಲ್ಲಿ ಆ ಹೊಲದಲ್ಲಿ ಇಳಿದು ದಣಿವಾರಿಸಿಕೊಳ್ಳುತ್ತಿದ್ದರು. ಯಜಮಾನರ ಮನೆಯಿಂದ ಮಜ್ಜಿಗೆ ಬರುತ್ತಿತ್ತು. ಮೊದಲ ಲೋಟವನ್ನು ಮನೆಯ ಹಿರಿಯ ಅವರೆದುರು ಕುಡಿಯಬೇಕು, ಅವರು ಎದ್ದು ಹೊರಡುವ ತನಕ ಅಲ್ಲೇ ಕೂತಿರಬೇಕು. ಅದು ಆ ಮನೆಯವರು ಮಾದಪ್ಪನಿಗೆ ಹೊತ್ತ ಹರಕೆ, ಅವರು ತಪ್ಪಿಸಿದ್ದನ್ನು ನಾನು ನೋಡಿಲ್ಲ. ಇದನ್ನು ನ್ಯಾಯಕ್ಕೆ ಹೇಳಬೇಕು, ಹೇಳಿದ್ದೇನೆ.

ನಾನು ಬಾಯಿಬಿಟ್ಟೆ. "ಯಜಮಾನ್ರೆ, ಹಾಗಾದ್ರೆ ಹೆಣ್ಣುಮಕ್ಕಳು ಎಲ್ಲಿಗೆ ಹೋಗ್ಬೇಕು?"

"ಸುತ್ತ ಅಷ್ಟೊಂದು ಇಪ್ನೇರ್ಲೆ ತ್ವಾಟ ಅದಲ್ಲ ಟೀಚರಮ್ಮ! ಅದುಕ್ ಗ್ವಾಡೆ ಬ್ಯಾರೆ ಕಟ್ಟಬೇಕಾ?"

ಎಲ್ಲರೂ ನಕ್ಕರು, ನಮ್ಮ ಹೆಡ್‌ಮಾಸ್ತರಂತೂ ಎಲ್ಲರಿಗಿಂತ ಜೋರಾಗಿ. ಓವರ್‌ಸಿಯರ್ ಪೆನ್ಸಿಲು ತೆಗೆದು ಆ ಚೌಕದ ಮೇಲೆ ಅಡ್ಡಗೀಟು ಎಳೆದರು. ಅದರ ಪಕ್ಕಕ್ಕೆ ಬಿಲ್ವದ ಗಿಡ ನೆಟ್ಟು ಕಟ್ಟೆ ಕಟ್ಟಿಸುವುದೆಂದು ತೀರ್ಮಾನವಾಯಿತು. ಕಾಫಿ ಮುಗಿಯಿತು. ಆಮೇಲೆ ಏನು ಮಾಡಿದರು ಗೊತ್ತೇ? ಮಾದಪ್ಪನ ಪರ್ಸೆ ಕೂತೆದ್ದ ಆ ನೆಲದ ಕಳ್ಳಿಬೇಲಿಯ ಹತ್ತಿರ ಹೋಗಿ, ಪಂಚೆ ಎತ್ತಿಕೊಂಡು ಸಾಲಾಗಿ ನಿಂತರು. ನಿಂತಲ್ಲೇ ಮುಂಬಾಗಿಲಿನ ಕಮಾನು ಎಷ್ಟು ಎತ್ತರ ಇರಬೇಕೆಂದು ಮಾತಾಡಿಕೊಂಡರು. ನಾನು ಕಾಫಿಯ ಲೋಟಗಳನ್ನು ಬುಟ್ಟಿಗೆ ತುಂಬುತ್ತ ನಿಂತಿದ್ದೆ. ನನ್ನ ಮೈಯೆಲ್ಲ ಉರಿದುಹೋಯಿತು.

ಸ್ಕೂಲು ಎದ್ದಿತು. ಚೆನ್ನಾಗಿಯೇ ಎದ್ದಿತು, ಸುಳ್ಳೇಕೆ ಹೇಳಲಿ. ಗಾಳಿ ಬೆಳಕಿನ ಕೋಣೆಗಳು, ಕಮಾನು, ಕಲ್ಲಿನ ಮೇಲೆ ಕಮಿಟಿಯವರ ಹೆಸರುಗಳು. ಮೊದಮೊದಲು ಹುಡುಗಿಯರು ಇಬ್ಬಿಬ್ಬರಾಗಿ ಹಿಂದಿನ ಹಿಪ್ಪುನೇರಳೆ ತೋಟಕ್ಕೆ ಹೋಗಿಬರುತ್ತಿದ್ದರು. ಒಬ್ಬಳು ಕೂತರೆ ಇನ್ನೊಬ್ಬಳು ಕಾವಲು. ಹುಳಕ್ಕೆ ಸೊಪ್ಪು ಕೊಯ್ದ ವಾರ ತೋಟ ಬೋಳಾಗುತ್ತಿತ್ತು, ಆ ವಾರ ಕಷ್ಟ. ನಾನೂ ಹಾಗೇ ಹೋಗುತ್ತಿದ್ದೆ. ಟೀಚರಾದರೇನು, ದೇಹ ಕೇಳುತ್ತದೆಯೇ? ಆಮೇಲೆ ಸ್ಕೂಲು ಬಂತೆಂದು ಸುತ್ತಲಿನ ನೆಲಕ್ಕೆ ಬೇಡಿಕೆ ಬಂತು. ಯಜಮಾನರು ತೋಟವನ್ನೂ ಸೈಟು ಮಾಡಿ ಮಾರಿದರು. ಹಿಪ್ಪುನೇರಳೆ ಇದ್ದಲ್ಲಿ ಮನೆಗಳ ಕಿಟಕಿಗಳು ಬಂದವು. "ಸುತ್ತ ತ್ವಾಟ ಅದಲ್ಲ" ಎಂದಿದ್ದ ಬಾಯಿಗೆ ಆ ಮಾತು ನೆನಪಿರಲಿಲ್ಲ. ಗಂಡುಹುಡುಗರಿಗೆ ಕಳ್ಳಿಬೇಲಿ ಹೋಗಿ ಕಲ್ಲಿನ ಕಾಂಪೌಂಡು ಬಂದಿತ್ತು, ಅವರಿಗೆ ಇನ್ನೂ ಅನುಕೂಲವೇ ಆಯಿತು.

ನಾವು ನೀರು ಕುಡಿಯುವುದನ್ನು ಬಿಟ್ಟೆವು. ಬೆಳಿಗ್ಗೆ ಕಾಫಿ ಇಲ್ಲ, ಮಧ್ಯಾಹ್ನ ಊಟಕ್ಕೆ ನೀರಿಲ್ಲ. ಬೇಸಿಗೆಯಲ್ಲಿ ನನಗೆ ಉರಿಮೂತ್ರ ಹಿಡಿಯಿತು. ಡಾಕ್ಟರು "ನೀರು ಜಾಸ್ತಿ ಕುಡೀರಮ್ಮ" ಎಂದು ಗದರಿದರು. ಕುಡಿದು ಎಲ್ಲಿಗೆ ಹೋಗಲಿ ಸ್ವಾಮಿ, ನಿಮ್ಮ ಮನೆಗೆ ಬರಲೇ ಎಂದು ಕೇಳಬೇಕೆನ್ನಿಸಿತು. ದೊಡ್ಡ ಹುಡುಗಿಯರಿಗೆ ತಿಂಗಳ ದಿನಗಳಲ್ಲಿ ಸ್ಕೂಲೇ ಇಲ್ಲ. ಹಾಗೆ ತಪ್ಪಿಸಿ ತಪ್ಪಿಸಿ ಒಬ್ಬೊಬ್ಬರಾಗಿ ಪೂರ್ತಿ ನಿಂತೇಬಿಟ್ಟರು. ಹೆಡ್‌ಮಾಸ್ತರು ಸ್ಟಾಫ್ ರೂಮಿನಲ್ಲಿ "ಈ ಹೆಣ್ಣುಮಕ್ಕಳಿಗೆ ಓದಿನ ಮೇಲೆ ಆಸಕ್ತಿಯೇ ಇಲ್ಲ" ಎಂದು ನಿಟ್ಟುಸಿರು ಬಿಡುತ್ತಿದ್ದರು. ಆಸಕ್ತಿ!

ಒಬ್ಬಳಿದ್ದಳು. ರೇಷ್ಮೆಗೂಡು ಬೇಯಿಸುವ ಹೆಂಗಸಿನ ಮಗಳು. ಬೆಳಗಾಗೆದ್ದು ತಾಯಿಯ ಜೊತೆ ಕುದಿನೀರಿನಲ್ಲಿ ಗೂಡು ಆಡಿಸಿಯೇ ಸ್ಕೂಲಿಗೆ ಬರುತ್ತಿದ್ದಳು, ಬೆರಳ ತುದಿಗಳು ಸದಾ ಸುಕ್ಕು. ಲೆಕ್ಕದಲ್ಲಿ ಎಂಥ ಬುದ್ಧಿ! ನಾನು ಬೋರ್ಡಿನ ಮೇಲೆ ಪ್ರಶ್ನೆ ಬರೆದು ಮುಗಿಸುವಷ್ಟರಲ್ಲಿ ಉತ್ತರ ಬಾಯಲ್ಲಿಟ್ಟುಕೊಂಡು ಚಡಪಡಿಸುತ್ತಿದ್ದಳು. ಇವಳು ನನ್ನ ಹಾಗೆ ಟೀಚರಾಗುತ್ತಾಳೆ ಎಂದುಕೊಂಡಿದ್ದೆ. ಏಳನೇ ತರಗತಿ ಮುಗಿಸಿದರೆ ಸಾಕು, ಮುಂದಿನದಕ್ಕೆ ನಾನಿದ್ದೇನೆ ಎಂದು ಅವಳ ತಾಯಿಗೂ ಹೇಳಿದ್ದೆ.

ಅವಳು ಏಳನೆಯದರಲ್ಲಿದ್ದಾಗ ಇನ್‌ಸ್ಪೆಕ್ಟರು ಬಂದರು. ಅವರು ಇರುವ ತನಕ ಯಾರೂ ಕೂತ ಜಾಗ ಬಿಟ್ಟು ಏಳಬಾರದೆಂದು ಹೆಡ್‌ಮಾಸ್ತರ ಅಪ್ಪಣೆ. ಇನ್‌ಸ್ಪೆಕ್ಟರು ನಿಧಾನಸ್ಥರು, ಒಂದೊಂದು ತರಗತಿ ಮುಗಿಸಿ ನಮ್ಮ ಕೋಣೆಗೆ ಬರುವಷ್ಟರಲ್ಲಿ ಮಧ್ಯಾಹ್ನ ತಿರುಗಿತ್ತು. ಆ ಹುಡುಗಿ ಕಿರುಬೆರಳು ಎತ್ತಿದಳು. ಹೆಡ್‌ಮಾಸ್ತರು ಕಣ್ಣಲ್ಲೇ ಗದರಿದರು. ಅವಳು ಬೆರಳು ಮಡಿಚಿ ಕೂತಳು. ಇನ್‌ಸ್ಪೆಕ್ಟರು ಭಿನ್ನರಾಶಿಯ ಲೆಕ್ಕ ಕೊಟ್ಟರು. ಯಾರಿಗೂ ಬರಲಿಲ್ಲ. ಮರ್ಯಾದೆ ಉಳಿಸಿಕೊಳ್ಳಲು ಹೆಡ್‌ಮಾಸ್ತರು ಅವಳನ್ನೇ ಎಬ್ಬಿಸಿದರು. ಅವಳು ಎದ್ದು ನಿಂತು ಉತ್ತರ ಹೇಳಿದಳು. ಹೇಳುತ್ತಿದ್ದ ಹಾಗೇ ಲಂಗ ನೆನೆಯಿತು, ನೆಲ ನೆನೆಯಿತು. ಹಿಂದಿನ ಸಾಲಿನ ಹುಡುಗರು ನಕ್ಕರು. ಅವಳು ಚೀಲ ತೆಗೆದುಕೊಂಡು ಯಾರ ಕಡೆಯೂ ನೋಡದೆ ಹೊರಗೆ ಹೋದಳು. ಉತ್ತರ ಸರಿಯಾಗಿತ್ತು.

ಮಾರನೆಯ ದಿನ ಅವರ ಮನೆಗೆ ಹೋದೆ. ತಾಯಿ ಒಲೆ ಮುಂದಿನಿಂದ ಏಳಲೂ ಇಲ್ಲ. "ಸಾಕು ಕನ್ರವ್ವ. ಮಾನ ಕಳ್ಕಂಡು ಇಸ್ಕೂಲ್ ಕಟ್ಕಂಡು ಏನ್ ಮಾಡದು?" ಎಂದಳು. ಹುಡುಗಿ ಪಕ್ಕದಲ್ಲೇ ಕುದಿನೀರಿನಲ್ಲಿ ಕೈಯಾಡಿಸುತ್ತ ಕೂತಿದ್ದಳು, ತಲೆ ಎತ್ತಲಿಲ್ಲ. ಎಷ್ಟು ಗೋಗರೆದರೂ ಕೇಳಲಿಲ್ಲ. ವರ್ಷ ತುಂಬುವಷ್ಟರಲ್ಲಿ ಅಜ್ಜೀಪುರಕ್ಕೆ ಮದುವೆ ಮಾಡಿ ಕಳಿಸಿದರು.

ಅವಳ ತಾಯಿಯನ್ನು ನೋಡಿದ ದಿನವೇ ನಾನು ಅಲ್ಲಿಂದ ನೇರ ಯಜಮಾನರ ಮನೆಗೆ ಹೋಗಿದ್ದೆ. ಜಗಲಿಯ ಮೇಲೆ ಕೂರಿಸಿ ಕಾಫಿ ಕೊಟ್ಟರು, ಎಲ್ಲ ಕೇಳಿಸಿಕೊಂಡರು. "ಪಾಪ" ಎಂದರು. "ಆದ್ರೆ ಒಂದ್ ಉಡ್ಗಿ ಸಲ್ವಾಗಿ ಮಾದಪ್ಪನ ನೆಲ ಮೈಲ್ಗೆ ಮಾಡಕ್ಕಾಯ್ತದಾ ಟೀಚರಮ್ಮ?"

"ನೀವೆಲ್ಲ ಅವತ್ತು ಬೇಲಿಗೆ ನಿಂತಾಗ ಆಗದ ಮೈಲಿಗೆ ಆ ಮಗುವಿನಿಂದ ಆಗುತ್ತಾ?" ಎಂದು ಕೇಳಿದೆ.

ಅವರ ಮುಖ ಕೆಂಪೇರಿತು. "ಗಂಡುಸ್ರು ಮಾತು ಬ್ಯಾರೆ" ಎಂದು ಎದ್ದು ಒಳಗೆ ಹೋದರು. ಅವರ ಹಿತ್ತಲಿನಲ್ಲಿ ಸೊಸೆಯರಿಗೆಂದು ಹೊಸದಾಗಿ ಕಟ್ಟಿಸಿದ ಸಿಮೆಂಟಿನ ಕಕ್ಕಸು ಜಗಲಿಯಿಂದಲೇ ಕಾಣುತ್ತಿತ್ತು. ಎರಡು ದಿನ ಬಿಟ್ಟು ಹೆಡ್‌ಮಾಸ್ತರು ನನ್ನನ್ನು ಕರೆದು, ನಾಲಿಗೆ ಹಿಡಿತದಲ್ಲಿರದಿದ್ದರೆ ಹನೂರಿನಾಚೆಯ ಯಾವುದಾದರೂ ಕಾಡುಮೂಲೆಗೆ ಎತ್ತಿಹಾಕಿಸುತ್ತೇನೆ ಎಂದರು. "ಹಾಕಿಸಿ ಸಾರ್, ಕಾಡಿನಲ್ಲಿ ಪೊದೆಗಳಾದರೂ ಇರುತ್ತವೆ" ಎಂದೆ. ಅವರು ಹಾಕಿಸಲಿಲ್ಲ. ನಾನು ಪ್ರತಿ ಕಮಿಟಿ ಸಭೆಯಲ್ಲೂ ಅದೇ ಮಾತು ಎತ್ತಿದೆ. ಅವರು ಪ್ರತಿ ಸಲವೂ "ಮುಂದೆ ನೋಡ್ಮ" ಎಂದು ವಿಷಯ ಬದಲಾಯಿಸಿದರು.

ಹೀಗೇ ಎಪ್ಪತ್ತರ ದಶಕ ಅರ್ಧ ಕಳೆಯಿತು. ಒಂದು ಜೂನಿನಲ್ಲಿ ಒಬ್ಬಳು ತಾಯಿ ಮಗಳನ್ನು ಒಂದನೇ ತರಗತಿಗೆ ಸೇರಿಸಲು ಬಂದಳು. ಕೈ ನೋಡಿ ಗುರುತು ಹಿಡಿದೆ, ಬೆರಳ ತುದಿಗಳು ಹಾಗೇ ಸುಕ್ಕು. ಗಂಡನ ಜೊತೆ ಬಡಾವಣೆಗೇ ಬಂದು ಅವರೂ ನೂಲು ತೆಗೆಯುವ ಕೆಲಸ ಹಿಡಿದಿದ್ದರು. ನಾನು ಕಣ್ಣೊರೆಸಿಕೊಂಡೆ, ಅವಳು ಒರೆಸಿಕೊಳ್ಳಲಿಲ್ಲ. ಸುತ್ತಲೂ ಕಣ್ಣು ಹಾಯಿಸಿ ಕೇಳಿದಳು: "ಈಗ್ಲಾರೂ ಅದ ಕಟ್ಟವ್ರಾ, ಟೀಚರಮ್ಮ?"

"ಇಲ್ಲ ಕಣವ್ವ."

"ಅಂಗಾರೆ ಇವ್ಳೂವೆ ನನ್ನಂಗೇ ನಿಂತ್ಕಬೇಕಾ?"

ಅವಳ ದನಿಯಲ್ಲಿದ್ದ ಸಿಟ್ಟು ನನ್ನ ಸಿಟ್ಟಿಗಿಂತ ದೊಡ್ಡದು. ಇಷ್ಟು ವರ್ಷ ಸಭೆಯಲ್ಲಿ ಒಬ್ಬಳೇ ಅರಚಿ ಅರಚಿ ನನ್ನ ಗಂಟಲು ಒಣಗಿತ್ತು. ಹೈಸ್ಕೂಲು ಮಂಜೂರಾಗಿದೆ, ಹೊಸ ನಕ್ಷೆ ನೋಡಲು ಕಮಿಟಿ ಮತ್ತೆ ಕೂರಲಿದೆ, ಅದರಲ್ಲೂ ಆ ಚೌಕ ಇರುವುದಿಲ್ಲ ಎಂದು ಹೇಳಿದೆ. ಸಭೆ ಯಾವತ್ತು ಎಂದು ಕೇಳಿದಳು. ಅಮಾವಾಸ್ಯೆಗೆ ಮೂರು ದಿನ ಮುಂಚೆ ಎಂದೆ. ಅವಳು ಬೆರಳು ಮಡಿಚಿ ದಿನ ಎಣಿಸಿದಳು.

"ನಮ್ ಬೀದಿ ಎಂಗುಸ್ರೆಲ್ಲ ಈ ಅಮಾಸೆಗೆ ಬೆಟ್ಟುಕ್ಕೊಯ್ತೀವಿ. ಬಸ್ನಲ್ಲಿ ಅಂದ್ಕಂಡಿದ್ವಿ. ನಡ್ಕಂಡೋದ್ರೆ ಪರ್ಸೆ ಆಯ್ತದೆ. ಪರ್ಸೆ ಇಳಿಯ ಜಾಗ ಯಾವ್ದು ಟೀಚರಮ್ಮ?"

ನಾನು ಅವಳ ಮುಖ ನೋಡಿದೆ. ಅವಳ ಲೆಕ್ಕ ಯಾವಾಗಲೂ ಸರಿ.

ಸಭೆಯ ದಿನ ಓವರ್‌ಸಿಯರ್ ಒಳಗೆ ಕಮಿಟಿಯವರೆದುರು ನಕ್ಷೆ ಬಿಚ್ಚಿದರು. ಸೈನ್ಸ್ ರೂಮು, ನಾಟಕ ಆಡಲು ಸ್ಟೇಜು, ಇನ್ನೊಂದು ಕಮಾನು. ಹಿಂದಿನ ಮೂಲೆ ಖಾಲಿ. ಹೊರಗೆ "ಉಘೇ ಮಾದಪ್ಪ!" ಎಂದು ಕೂಗು ಕೇಳಿತು. ನೋಡಿದರೆ ಮುಂದೆ ಅವಳು, ಹಿಂದೆ ಬಡಾವಣೆಯ ಹೆಂಗಸರು, ಹಣೆ ತುಂಬ ವಿಭೂತಿ, ಕಂಕುಳಲ್ಲಿ ಗಂಟು. ಒಳಗೆ ಬಂದವರೇ ಕಾಂಪೌಂಡಿನ ಗೋಡೆಯ ಉದ್ದಕ್ಕೂ ಬೆನ್ನು ಕೊಟ್ಟು ಕೂತರು. ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ, ಗೋಡೆಯೇ ಕಾಣದ ಹಾಗೆ. ಜಾಗ ಉಳಿದ ಕಡೆ ನಾನು ನನ್ನ ತರಗತಿಯ ಹುಡುಗಿಯರನ್ನು ಕರೆದುಕೊಂಡು ಹೋಗಿ ಮಗ್ಗಿ ಹೇಳಿಸುತ್ತ ಕೂರಿಸಿದೆ.

ಯಜಮಾನರಿಗೆ ಸಂತೋಷವೇ ಆಯಿತು. ಬಸ್ಸು ಬಂದ ಮೇಲೆ ಪರ್ಸೆ ತೀರಾ ಕಡಿಮೆಯಾಗಿತ್ತು. ಮನೆಗೆ ಹೇಳಿಕಳಿಸಿ ಮಜ್ಜಿಗೆಯ ಗಡಿಗೆ ತರಿಸಿದರು, ಮೊದಲ ಲೋಟ ತಾವು ಕುಡಿದರು. "ಇನ್ನೊಂದ್ ಲೋಟ ಕುಡೀರಿ ಬುದ್ದಿ, ಮಾದಪ್ಪನ ಪರ್ಸಾದ" ಎಂದು ನಮ್ಮವಳು ಮುಂದೆ ಹಿಡಿದಳು. ಕುಡಿದರು. ಒಳಗೆ ಅದಾಗಲೇ ಕಾಫಿ ಆಗಿತ್ತು. ವಯಸ್ಸಾಗಿತ್ತು, ಸಕ್ಕರೆ ಕಾಯಿಲೆ ಬೇರೆ. ಸ್ವಲ್ಪ ಹೊತ್ತಿಗೆ ಗೋಡೆಯ ಕಡೆ ನಡೆದರು. ಅಲ್ಲಿ ಹೆಂಗಸರು. ಈ ಕಡೆ ಬಂದರು, ಇಲ್ಲೂ ಹೆಂಗಸರು. ಸ್ಕೂಲಿನ ಹಿಂದಕ್ಕೆ ಹೋದರು, ಅಲ್ಲಿ ನನ್ನ ಹುಡುಗಿಯರು "ನಮಸ್ಕಾರ ಸಾ" ಎಂದು ಎದ್ದು ನಿಂತರು.

ಕಂಟ್ರಾಕ್ಟರಿಗೆ ವಿಷಯ ಬೇಗ ಹೊಳೆಯಿತು. ತುರ್ತು ಕೆಲಸವಿದೆ ಎಂದು ಮೋಟಾರುಬೈಕು ಹತ್ತಿದರು, ಶೇಕದಾರರು ಹಿಂದಿನ ಸೀಟಿಗೆ ಹಾರಿದರು. ಹೆಡ್‌ಮಾಸ್ತರಿಗೆ ಮನೆಯಲ್ಲಿ ಏನೋ ಮರೆತದ್ದು ನೆನಪಾಯಿತು. ಯಜಮಾನರು ಹೋಗುವ ಹಾಗಿಲ್ಲ. ಪರ್ಸೆ ಏಳುವ ತನಕ ಆಚೆಗೆ ಕಾಲಿಡುವ ಹಾಗಿಲ್ಲ. ಬಿಲ್ವದ ಕಟ್ಟೆಯ ಮೇಲೆ ಕೂತರು, ಎದ್ದರು, ಮತ್ತೆ ಕೂತರು.

"ಯಾವಾಗ್ ಏಳ್ತೀರ್ರವ್ವ?" ಎಂದರು.

"ಬಿಸ್ಲು ಇಳೀಲಿ ಬುದ್ದಿ" ಎಂದಳು ಒಬ್ಬಳು ಮುದುಕಿ, ಎಲೆಯಡಿಕೆ ಬಿಚ್ಚುತ್ತ.

ಅವರು ನನ್ನನ್ನು ಕರೆದರು. ಹಣೆಯ ಮೇಲೆ ಬೆವರು. "ಇದು ನಿನ್ ಕೆಲ್ಸ. ಏಳ್ಸು ಇವುರ್ನ."

"ಪರ್ಸೆಯನ್ನು ಏಳಿಸೋಕೆ ನಾನ್ಯಾರು, ಯಜಮಾನ್ರೆ?"

ಆಗ ನಮ್ಮವಳು ಎದ್ದು ಬಂದು ಅವರೆದುರು ಕೈಮುಗಿದು ನಿಂತಳು. "ಬುದ್ದಿ, ಪರ್ಸೇಲಿ ಬಸ್ರಿ ಎಂಗುಸ್ರವ್ರೆ, ಮುದ್ಕೀರವ್ರೆ. ಮಕ್ಳು ಇಲ್ಲೇ ದಿನಾ ಕೂತಿರ್ತವೆ. ನಿಮ್ಮಂಗೇ ನಮ್ಗೂವೆ ಅವಸ್ರ ಬತ್ತದೆ. ಎಲ್ಲೋಗದು ಅಂತ ಒಂದ್ ಜಾಗ ತೋರ್ಸ್‌ಬುಡಿ, ಎದ್ದೊಯ್ತೀವಿ."

ಅವರು ಅವಳನ್ನು ನೋಡಿದರು. ಯಾರೆಂದು ಅವರಿಗೆ ಗುರುತು ಸಿಕ್ಕಿರಲಾರದು. ತುಟಿ ಬಿಗಿದುಕೊಂಡು ಹಿಂದಿನ ಮೂಲೆಯ ಕಡೆ ಕೈ ಬೀಸಿದರು. "ಕಟ್ಕಳಿ, ಆಳಾಗೋಗ್ಲಿ."

"ಹಾಗಲ್ಲ ಯಜಮಾನ್ರೆ" ಎಂದೆ ನಾನು. ಓವರ್‌ಸಿಯರನ್ನು ಕರೆದು ನಕ್ಷೆ ತರಿಸಿದೆ. "ಇದರ ಮೇಲೆ ಬೆರಳಿಟ್ಟು ತೋರಿಸಿ."

ಅವರು ಬೆರಳಿಟ್ಟರು. ಓವರ್‌ಸಿಯರ್ ಅದರ ಸುತ್ತ ಚೌಕ ಎಳೆದರು. ಹೆಂಗಸರು "ಉಘೇ" ಎಂದು ಎದ್ದು ಗಂಟು ಹೊತ್ತು ಗೇಟು ದಾಟಿದರು. ಯಜಮಾನರು ಗೋಡೆಯ ಕಡೆಗೆ ಹೆಚ್ಚುಕಡಿಮೆ ಓಡಿದರು.

ಈ ಕಥೆಯನ್ನು ಬಡಾವಣೆಯವರು ಹೇಳಿಕೊಂಡು ಹೊಟ್ಟೆ ಹುಣ್ಣಾಗುವ ಹಾಗೆ ನಗುತ್ತಾರೆ. ನನಗೆ ನಗು ಬರುವುದಿಲ್ಲ. ಒಬ್ಬ ಗಂಡಸು ಒಂದು ಮಧ್ಯಾಹ್ನ ತಡೆದುಕೊಂಡದ್ದಕ್ಕೆ ಆದ ಕೆಲಸ, ಅಷ್ಟೊಂದು ಹುಡುಗಿಯರು ಅಷ್ಟು ವರ್ಷ ತಡೆದುಕೊಂಡಾಗ ಆಗಲಿಲ್ಲ. ಬಿಟ್ಟುಹೋದ ಹುಡುಗಿಯರ ಮುಖಗಳು ಒಂದೊಂದೂ ನನಗೆ ನೆನಪಿವೆ. ಅವರಲ್ಲಿ ಯಾರನ್ನೂ ನಾನು ವಾಪಸು ತಂದು ಬೆಂಚಿನ ಮೇಲೆ ಕೂರಿಸಲಾಗುವುದಿಲ್ಲ. ನಗುವವರು ನಗಲಿ.

ದಸರಾ ರಜೆಗೆ ಮುಂಚೆ ಕಟ್ಟಿ ಮುಗಿಸಿದರು. ಅದರ ಮೇಲೆ ಹೆಸರು ಕೆತ್ತಿಸಲು ಕಮಿಟಿಯಲ್ಲಿ ಯಾರಿಗೂ ಆಸೆ ಇರಲಿಲ್ಲ. ಸುಣ್ಣ ಇನ್ನೂ ಒಣಗಿರಲಿಲ್ಲ, ಅವಳು ಮಗಳ ಕೈ ಹಿಡಿದುಕೊಂಡು ನೋಡಲು ಬಂದಳು. ಮಗಳನ್ನು ನನ್ನ ಹತ್ತಿರ ಬಿಟ್ಟು ತಾನೊಬ್ಬಳೇ ಒಳಗೆ ಹೋಗಿ ಚಿಲಕ ಹಾಕಿಕೊಂಡಳು. ಬಹಳ ಹೊತ್ತು ಬರಲಿಲ್ಲ. ನಾನು ಬಾಗಿಲು ತಟ್ಟಬೇಕೆಂದುಕೊಳ್ಳುವಷ್ಟರಲ್ಲಿ ಚಿಲಕ ತೆಗೆದ ಸದ್ದಾಯಿತು. ಹೊರಗೆ ಬಂದು ಆ ಗೋಡೆಗಳನ್ನು, ಆ ತಗಡಿನ ಬಾಗಿಲನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

"ಇಷ್ಟೇನಾ, ಟೀಚರಮ್ಮ?" ಎಂದಳು. "ನಾನ್ ಇಸ್ಕೂಲ್ ಬುಟ್ಟಿದ್ದು ಇಷ್ಟುಕ್ಕೇನಾ?"